ಯಂಕವ್ವನ ಎಲೆಸಂಚಿ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಯಲಬುರ್ಗಾದ ಕಚೇರಿಯ ಎದುರು ವಕೀಲರ ಗುಮಾಸ್ತನಾಗಿ ತಲೆ ಹಣ್ಣಾದವನಿಗೆ ನಂಬಿಕೆ ಎಲ್ಲಿಂದ ಬರಬೇಕು? ಹಾಗಾಗಿ ೧೯೪೬ರಲ್ಲಿ ಈಶಪ್ಪ ಇಲ್ಲಿಗೆ ಬಂದು ವಕೀಲಿ ಬೋರ್ಡು ಹಾಕಿದಾಗ, ಅವರ ಬಳಿ ಕೆಲಸಕ್ಕೆ ಸೇರಿಯೂ ಅವರನ್ನು ಓರೆಗಣ್ಣಿನಿಂದಲೇ ನೋಡುತ್ತಿದ್ದೆ.

ಊರಿನವರದೂ ಅದೇ ಕಥೆ. ಈಶಪ್ಪ ಯುದ್ಧಕ್ಕೆ ಹೋಗಿ, ಬಸ್ರಾದಲ್ಲಿ ಕಾಲಿಗೆ ಪೆಟ್ಟು ತಿಂದು ಬಂದವರು. ದಂಡಿನಲ್ಲಿ ಆರೋಪ ಹೊತ್ತ ಸಿಪಾಯಿಗಳ ಪರವಾಗಿ ಸಾಹೇಬರ ಮುಂದೆ ಮಾತಾಡಿ ಮಾತಾಡಿ ಅದರ ರುಚಿ ಹತ್ತಿ, ಆಮೇಲೆ ಹೈದರಾಬಾದಿನಲ್ಲಿ ವಕಾಲತ್ತಿನ ಪರೀಕ್ಷೆ ಪಾಸು ಮಾಡಿದ್ದರು. ಬೂಟು ಬಿಟ್ಟಿರಲಿಲ್ಲ. ಮುನ್ಸೀಫರನ್ನು ಕಂಡರೆ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. "ಇಂವ ಸರಕಾರದ ಮನಷ್ಯಾನ ಇರಬೇಕು, ನೋಡ್ರಿ," ಎಂದು ಚಹಾದಂಗಡಿಯಲ್ಲಿ ಪಿಸುಗುಟ್ಟುತ್ತಿದ್ದರು.

ಅವರ ಮೊದಲ ಕಕ್ಷಿದಾರಳು ಬೇವೂರಿನ ಯಂಕವ್ವ. ತೀರಿಕೊಂಡ ಗಂಡ ತೋಡಿಸಿದ ಬಾವಿಯ ಹೊಲವನ್ನು ಮೈದುನ ವಿರುಪಣ್ಣ ತನ್ನದೆನ್ನುತ್ತಿದ್ದ. ಸುತ್ತಲಿನ ಎರೆಹೊಲವೆಲ್ಲ ಮಳೆಯನ್ನೇ ನೆಚ್ಚಿದ್ದು. ಆ ಬಾವಿ ಹೋದರೆ ಗುಡ್ಡದ ಮಗ್ಗುಲಿನ ಕಲ್ಲುಹೊಲವೊಂದೇ ಉಳಿದು, ಅವಳಿಗೆ ಕಂಡವರ ಹೊಲದಲ್ಲಿ ಕೂಲಿಯೇ ಗತಿ. ಎಲ್ಲ ಹೇಳಿಕೊಂಡ ಮೇಲೆ ಅವಳು ಸೊಂಟದ ಎಲೆಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಕೈ ಚಾಚಿದಳು. ನಮ್ಮ ಕಡೆ ವೀಳ್ಯ ಹಿಡಿದರೆ ಮಾತು ಕೊಟ್ಟಂತೆ.

"ಬ್ಯಾಡವ್ವಾ," ಎಂದರು ಈಶಪ್ಪ. "ನಾ ಯಾರ ಪರ ಮಾತಾಡತೀನೋ, ಫೀಸು ಬಿಟ್ಟು ಅವರ ಕಡಿಂದ ಒಂದ ಬೀಡಿ ಸೈತ ಮುಟ್ಟೂದಿಲ್ಲ. ದಂಡಿನಾಗ ಕಲ್ತದ್ದು."

ಅವಳು ಎಲೆಯನ್ನು ಹಾಗೆಯೇ ಮಡಿಸಿ ಸಂಚಿಗೆ ಹಾಕಿಕೊಂಡಳು. ನನಗೇ ಇರಿಸುಮುರಿಸಾಯಿತು. "ಹಿಡೀಬೇಕಿತ್ರಿ," ಎಂದೆ ಅವಳು ಹೋದ ಮೇಲೆ. ಅವರು ನಕ್ಕುಬಿಟ್ಟರು.

ನಿಜಾಮನ ರಾಜ್ಯವಾದ್ದರಿಂದ ವಿಚಾರಣೆಯೆಲ್ಲ ಉರ್ದುವಿನಲ್ಲಿ. ಯಂಕವ್ವನಿಗೆ ಒಂದಕ್ಷರ ತಿಳಿಯದು. ಈಶಪ್ಪ ವಿರುಪಣ್ಣನ ಸಾಕ್ಷಿಗಳ ಬೆವರಿಳಿಸಿದರು. ಬಾವಿ ತೋಡಿದ ಹುಲಿಗೆಪ್ಪ ಕೊನೆಗೆ, ತೋಡಿಸಿದ್ದು ಯಂಕವ್ವನ ಗಂಡನೇ ಎಂದು ಬಾಯಿ ಬಿಟ್ಟ. ಇನ್ನು ತೀರ್ಪೊಂದೇ ಬಾಕಿ.

ಹೊರಗೆ ಬೇವಿನ ಮರದ ಕೆಳಗೆ ವಿರುಪಣ್ಣನ ವಕೀಲ ಹೊನ್ನೂರಪ್ಪ ತನ್ನ ಎಲೆಡಬ್ಬಿ ಚಾಚಿದ. "ಛಲೋ ವಾದ ಮಾಡಿದ್ರಿ. ತಗೋರಿ." ಈಶಪ್ಪ ಒಂದು ಎಲೆ ತೆಗೆದು ಬಾಯಿಗಿಟ್ಟುಕೊಂಡು ಅವನ ಹೆಗಲು ತಟ್ಟಿದರು. ಒಳಗೆ ಎಷ್ಟೇ ಕಾದಾಡಿದರೂ ಹೊರಗೆ ಒಂದೇ ಪಂಕ್ತಿ; ಇದೂ ದಂಡಿನ ರೂಢಿಯೆಂದು ನನಗೆ ತಿಳಿದದ್ದು ಆಮೇಲೆ.

ಆಗ ನನಗೂ ಸಂಶಯ ಬಂತು. ಈ ಮನುಷ್ಯ ಮಾರಿಕೊಂಡನೇ? ತಿರುಗಿ ನೋಡಿದರೆ ಯಂಕವ್ವ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ವಿರುಪಣ್ಣ ಅವಳತ್ತ ಬಾಗಿದ್ದ.

"ಕಂಡೇನ ಅತ್ತಿಗೀ? ನಿನ್ನ ವಕೀಲ ನಮ್ಮ ವೀಳ್ಯ ಹಿಡದ. ಇನ್ನ ಸುಮ್ಮನ ಬಾವಿ ಬಿಡು. ಗುಡ್ಡದ ಮಗ್ಗಲ ಹೊಲನಾರ ನಿನಗ ಉಳೀತೈತಿ."

ತೀರ್ಪಿನ ದಿನ ಅವಳು ಮೈದುನನ ಜೊತೆಗೇ ಬಂದಳು. ರಾಜಿಯಾಗಿದೆ, ಬಾವಿ ಬಿಟ್ಟಿದ್ದೇನೆ ಎಂದಳು. ಈಶಪ್ಪ ಗಾಬರಿಯಾಗಿ ವಾಯಿದೆ ಕೇಳಿದರು. "ನನಗ ವಕೀಲರು ಬ್ಯಾಡ್ರಿ," ಎಂದುಬಿಟ್ಟಳು. ಬಾವಿಯನ್ನು ಅವಳಿಗೇ ಕೊಡಬೇಕೆಂದಿದ್ದೆ ಎಂದು ಮುನ್ಸೀಫರು ಉರ್ದುವಿನಲ್ಲಿ ಗೊಣಗುತ್ತ ರಾಜಿಗೆ ರುಜು ಹಾಕಿದರು. ಅದೂ ಅವಳಿಗೆ ತಿಳಿಯಲಿಲ್ಲ.

ಈಶಪ್ಪ ಕುಂಟುತ್ತಲೇ ಅವಳ ಹಿಂದೆ ಓಡಿದರು. ನಾನು ಅವರ ಹಿಂದೆ.

"ಯಾಕವ್ವಾ ಹಿಂಗ ಮಾಡಿದಿ? ಬಾವಿ ನಿಂದಾ ಆಗಿತ್ತು!"

"ನನ್ನ ಎಲಿ ಒಲ್ಲೆ ಅಂದ್ರಿ," ಎಂದಳು ಯಂಕವ್ವ. "ಅವರದು ತಿಂದ್ರಿ." ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಈಶಪ್ಪ ದಂಡು, ರೂಢಿ ಎಂದು ಏನೋ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಅವಳ ಮುಂದೆ ಅಂಗೈ ಚಾಚಿದರು. "ಈಗ ಕೊಡವ್ವಾ."

ತಮ್ಮ ನೇಮ ಮುರಿದು ಚಾಚಿದ ಕೈ ಅದು. ನನಗೆ ಅಳು ಬಂತು. ಆ ಮನುಷ್ಯನನ್ನು ನಾನು ಪೂರ್ತಿ ನಂಬಿದ್ದು ಆಗಲೇ.

ಯಂಕವ್ವ ಆ ಕೈಯನ್ನು ನೋಡಿದಳು. ಸಂಚಿಯ ದಾರವನ್ನು ಇನ್ನೊಂದು ಸುತ್ತು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ್ಯಾಕ್ರೀ ಯಪ್ಪಾ," ಎಂದು ಬೇವೂರಿನ ದಾರಿ ಹಿಡಿದಳು.