ಬಿಡ್ರಿ ಅಂದದ್ದಕ್ಕೆ

ಶಿವಪ್ರಕಾಶನಿಗೆ ಸಿಂಹ ನೋಡುವುದೇ ಸಂಬಳದ ಕೆಲಸ. ಬಾಗಲಕೋಟೆ ಕಡೆಯವನು ದನದ ಡಾಕ್ಟರಿಕೆ ಕಲಿತು, ಒಮಾನ್ ದೇಶದ ಇಬ್ರಾ ಊರಿನಾಚೆಗಿನ ಈ ಸಫಾರಿ ಪಾರ್ಕಿನಲ್ಲಿ ದಿನವಿಡೀ ಜಾಲರಿ ಎದುರು ಕುರ್ಚಿ ಹಾಕಿ ಕೂತಿರುತ್ತಾನೆ ಅಂದರೆ ಊರಲ್ಲಿ ನಗದೆ ಇನ್ನೇನು ಮಾಡಿಯಾರು! ಆದರೆ ಆ ವಾರ ಅವನಿಗೆ ಊಟ ಸೇರುತ್ತಿರಲಿಲ್ಲ.

ಹಳೇ ಗಂಡು ಸಿಂಹ ಸತ್ತಿತ್ತು. ಅದರಿಂದ ಹುಟ್ಟಿದ ಮೂರು ಮರಿಗಳಿಗೆ ಇನ್ನೂ ಎರಡು ತಿಂಗಳು. ಮಾಲೀಕರು ಬರ್ಕಾದ ಯಾರದೋ ತೋಟದಿಂದ ಎರಡು ಎಳೇ ಗಂಡು ತರಿಸಿ ಪಕ್ಕದ ಆವರಣದಲ್ಲಿ ಬಿಡಿಸಿದ್ದರು. ಅಣ್ಣತಮ್ಮ ಎರಡೂ ಜಾಲರಿಗೆ ಮೂಗು ಹಚ್ಚಿ ಮರಿಗಳನ್ನೇ ನೋಡುತ್ತಿದ್ದವು. ತಾಯಿ ಹಲ್ಲು ಕಿರಿದು ಗುರುಗುಡುತ್ತಿತ್ತು. ಕಾಡಾದರೂ ಅಷ್ಟೆ, ಪಾರ್ಕಾದರೂ ಅಷ್ಟೆ, ಹೊಸ ಗಂಡು ಬಂದರೆ ಹಳೆಯದರ ಮರಿ ಉಳಿಯುವುದು ಕಷ್ಟ. ಮರಿ ಹೋದರೆ ತಾಯಿ ಬೇಗ ಬೆದೆಗೆ ಬರುತ್ತದಲ್ಲ, ಅದಕ್ಕೆ.

ಮ್ಯಾನೇಜರ್ ಇಬ್ರಾಹಿಂಗೆ ಇದೆಲ್ಲ ಬೇಡ. ಈದ್ ರಜೆಗೆ ಜನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ, ಗಂಡು, ಹೆಣ್ಣು, ಮರಿ ಎಲ್ಲ ಒಂದೇ ಕಡೆ ಕಾಣಬೇಕು. ಗುರುವಾರ ಬೆಳಿಗ್ಗೆ ನಡುವಿನ ಬಾಗಿಲು ತೆರೆಯುವುದು ಅಂತ ಗೊತ್ತುಮಾಡಿಬಿಟ್ಟಿದ್ದ.

ಆ ಬೆಳಿಗ್ಗೆಯೂ ಶಿವಪ್ರಕಾಶ ಅವನ ಆಫೀಸಿನಲ್ಲಿ ನಿಂತು ಕೈ ಮುಗಿಯುವುದೊಂದು ಬಾಕಿ. ಅತ್ತ ಆವರಣಗಳ ನಡುವಿನ ಬಾಗಿಲ ಹತ್ತಿರ ಬೊನಿಫಾಸ್ ಅಪ್ಪಣೆ ಕಾಯುತ್ತಿದ್ದ. ಉಡುಪಿಯವನು, ಗೇಟುಗಳ ಉಸ್ತುವಾರಿ ಅವನದೇ, ಹೇಳಿದ ಕೆಲಸ ಎರಡನೇ ಸಲ ಹೇಳಿಸಿಕೊಂಡವನಲ್ಲ. ವಾದ ಮಾಡಿ ಮಾಡಿ ಕೊನೆಗೆ ಇಬ್ರಾಹಿಂ ಕೈ ಕೊಡವಿದ. “ಖಲಾಸ್! ಇವತ್ತು ಬೇಡ. ಬೇರೆ ಬೇರೆನೇ ಇರಲಿ.”

ಅಬ್ಬಾ! ಮರಿ ಉಳಿದವು! ಶಿವಪ್ರಕಾಶ ಮೆಟ್ಟಿಲು ಇಳಿಯುತ್ತಲೇ ವಾಕಿಟಾಕಿ ಬಾಯಿಗೆ ಹಿಡಿದ.

“ಬೊನಿಫಾಸಣ್ಣ, ಬಿಡ್ರಿ! ಇವತ್ತ ಬಿಟ್ಟ ಬಿಡ್ರಿ!”

“ಬಿಡುದಾ ಡಾಕ್ಟ್ರೇ?”

“ಹೂಂರೀ, ಬಿಡ್ರಿ ಅಂದ್ನೆಲ್ಲ!”

ಹಾಳಾದ ಮಾತು. ಅವನ ಊರಲ್ಲಿ ಬೇಡವಾದ ಕೆಲಸ ಕೈಬಿಡುವುದಕ್ಕೂ ಬಿಡ್ರಿ, ಕಟ್ಟಿದ ಎತ್ತು ಬಿಚ್ಚುವುದಕ್ಕೂ ಬಿಡ್ರಿ. ಬಾಗಿಲಿಗೆ ಕೈ ಹಚ್ಚಿ ನಿಂತವನ ಕಿವಿಗೆ ಯಾವುದು ಬೀಳಬೇಕೋ ಅದೇ ಬಿತ್ತು. ಕಬ್ಬಿಣ ಸರಿದ ಸದ್ದು ಕೇಳಿ ಶಿವಪ್ರಕಾಶ “ಬ್ಯಾಡ್ರೀ! ಹಾಕ್ರಿ ಬಾಗಲಾ!” ಎನ್ನುತ್ತ ಓಡಿದ. ಅಷ್ಟರಲ್ಲಿ ಎರಡೂ ಒಳಗೆ ನುಗ್ಗಿದ್ದವು.

ತಾಯಿ ಒಂದರ ಮೇಲೆ ಎರಗಿತು, ಇನ್ನೊಂದು ಹಿಂದಿನಿಂದ ಮರಿಗಳ ಕಡೆ ಹೋಯಿತು. ನೀರು ಹೊಡೆದರು, ಜೀಪಿನ ಹಾರ್ನ್ ಬಡಿದರು. ಏನೂ ಉಪಯೋಗಕ್ಕೆ ಬರಲಿಲ್ಲ, ಮೂರು ಮರಿಗಳೂ ಹೋದವು. ಸಂಜೆವರೆಗೂ ಕಿವಿ ಹರಿದ ತಾಯಿ ಸತ್ತ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆಯುದ್ದಕ್ಕೂ ತಿರುಗಿತು. ಬೊನಿಫಾಸ್ ನೆಲದ ಮೇಲೆ ಕೂತು, “ಎಂತ ಮಾಡಿಬಿಟ್ಟೆ ಮಾರಾಯ್ರೇ, ನೀವೇ ಹೇಳಿದ್ದಲ್ವಾ?” ಎಂದು ಗೋಳೋ ಅಂತ ಅತ್ತ.

“ಬಾಗಿಲು ತೆರೆಯಲಿಕ್ಕೆ ಅಪ್ಪಣೆ ಕೊಟ್ಟಿದ್ದು ಯಾರು?” ಇಬ್ರಾಹಿಂ ಹಿಂದಿಯಲ್ಲಿ ಕೇಳಿದ.

“ನಾನು,” ಅಂದ ಶಿವಪ್ರಕಾಶ. ಆಮೇಲೆ ತಡೆಯಲಾಗದೆ ವಿವರಿಸಹೋದ. “ಛೋಡ್ ದೋ ಬೋಲಾ ಥಾ ಮೈನೇ...”

“ಛೋಡ್ ದಿಯಾ ಉಸ್ನೇ,” ಎಂದು ಇಬ್ರಾಹಿಂ ಭುಜ ಕುಣಿಸಿದ. ಹಿಂದಿಯ ಬಿಡುವುದಕ್ಕೂ ಅದೇ ಎರಡರ್ಥದ ಗತಿ! ಇನ್ನು ಯಾವ ಭಾಷೆಯಲ್ಲಿ ಹೇಳಿ ಪಾರಾಗುವುದು?

ಇಬ್ರಾಹಿಂ ಕೆಟ್ಟವನೇನಲ್ಲ. ದನಿ ತಗ್ಗಿಸಿ ಕೇಳಿದ. “ಡಾಕ್ಟರ್, ತಾಯಿ ಸಿಂಹ ಈ ಗಂಡುಗಳ ಜೊತೆ ಹೊಂದಿಕೊಳ್ಳಲಿಕ್ಕೆ ಎಷ್ಟು ದಿನ?”

ಉತ್ತರ ಶಿವಪ್ರಕಾಶನಿಗೆ ಗೊತ್ತಿತ್ತು. ಗೊತ್ತಿರುವುದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. “ಎರಡು ಮೂರು ವಾರ,” ಅಂದ. ಬೊನಿಫಾಸ್ ಶಿಲುಬೆ ಗುರುತು ಹಾಕಿಕೊಂಡು ಎದ್ದು ಹೋದ.

ಲೆಕ್ಕ ತಪ್ಪಲಿಲ್ಲ. ಮೂರನೇ ವಾರಕ್ಕೆ, ಈದ್ ಎರಡನೇ ದಿನ, ಬಸ್ಸುಗಳ ಎದುರಿಗೇ, ಮರಿ ಕೊಂದ ಗಂಡಿನ ಮುಂದೆ ತಾಯಿ ಮೈ ಹೊರಳಿಸಿತು. ಜನ ಸಿಳ್ಳೆ ಹಾಕಿದರು, ಮೊಬೈಲ್ ಎತ್ತಿದರು. ಬೊನಿಫಾಸ್ ಆ ಕಡೆ ತಲೆ ಹಾಕಲಿಲ್ಲ. ಶಿವಪ್ರಕಾಶ ಎದ್ದು ಹೋಗುವ ಹಾಗಿರಲಿಲ್ಲ, ಅವನಿಗೆ ಸಂಬಳ ಕೊಡುವುದೇ ನೋಡುವುದಕ್ಕೆ. ಕೂತು ಪೂರ್ತಿ ನೋಡಿದ.