ಊರಿಗೆ ಮೂವತ್ತು

"ಕಿಲೋಗೆ ಮೂವತ್ತು ಪೌಂಡಾ? ಟೊಮೇಟೊ ಮಾರ್ತಿದೀಯೋ, ಚಿನ್ನ ಮಾರ್ತಿದೀಯೋ?"

"ನಾನೇನ್ ಮಾಡ್ಲಿ ತಾಯಿ, ಸಗಟು ಮಂಡೀಲೇ ಹುಚ್ಚಿಗೆ ಹುಚ್ಚು ಕೆರಳಿದೆ," ಎಂದ ಶಹಾತ. ಟಾಂಟಾ ಪಟ್ಟಣದ ತರಕಾರಿಯವರು ಟೊಮೇಟೊವನ್ನು ಹುಚ್ಚಿ ಎಂದೇ ಕೂಗಿ ಮಾರುತ್ತಾರೆ. ಬೆಳಗಿನ ಬೆಲೆಗೆ ಸಂಜೆ ನಿಲ್ಲದವಳಿಗೆ ಬೇರೆ ಹೆಸರೇಕೆ? ಹೆಂಗಸು ಗೊಣಗುತ್ತಲೇ ಅರ್ಧ ಕಿಲೋ ಕೊಂಡು ಹೋದಳು.

ಈರುಳ್ಳಿ ಮೂಟೆಗಳ ಹಿಂದೆ ನಿಂತಿದ್ದ ವಿದಾದ್‌ಳ ಕಿವಿಗೆ ಆ ಮೂವತ್ತು ಬಿತ್ತು. ವಾರವಾರವೂ ಅವವೇ ಅಂಗಡಿಗಳಿಗೆ ಹೋಗಿ ಅವವೇ ಸಾಮಾನುಗಳ ಬೆಲೆ ಕೇಳಿ ಬರೆದುಕೊಳ್ಳುವುದು ಅವಳ ಸರ್ಕಾರಿ ಕೆಲಸ. ರಂಜಾನ್ ಕಳೆದಂದಿನಿಂದ ಶಹಾತ ಅವಳಿಗೆ ಹೇಳುತ್ತಾ ಬಂದದ್ದು ಒಂದೇ ಬೆಲೆ, ಹನ್ನೆರಡು.

"ಊರಿಗೆಲ್ಲಾ ಏರಿದ್ದು ಅಲ್ಲಿ ಮಾತ್ರ ಯಾಕಮ್ಮ ಏರಿಲ್ಲ?" ಎಂದು ಮೇಲಧಿಕಾರಿ ಸಾಫಿನಾಜ್ ನಿನ್ನೆ ತಾನೇ ಕೇಳಿದ್ದಳು. ಶಹಾತ ತನ್ನ ತಂಗಿಯ ಗಂಡನ ಹೊಲದಿಂದ ನೇರವಾಗಿ ತರಿಸುತ್ತಾನೆ ಎಂದು ವಿದಾದ್ ಅವನ ಪರ ವಾದಿಸಿದ್ದಳು. "ಮನೇಲಿ ಕೂತು ಬರೆದಿದೀಯ ಅಂತ ಯಾರಾದ್ರೂ ಅಂದ್ರೆ ನಿನ್ನ ಕೆಲಸ ಉಳಿಸೋಕೆ ನನ್ನಿಂದಾಗಲ್ಲ," ಎಂದಿದ್ದಳು ಸಾಫಿನಾಜ್. ಗಂಡ ಸತ್ತ ಮೇಲೆ ವಿದಾದ್‌ಳನ್ನು ತಲೆಯೆತ್ತಿ ನಡೆಯುವಂತೆ ಮಾಡಿದ್ದು ಈ ಕೆಲಸವೇ. ಗೊತ್ತಿದ್ದೂ ಒಂದು ಸುಳ್ಳು ಬೆಲೆ ಅವಳು ಬರೆದವಳಲ್ಲ.

ಅವಳು ಮೂಟೆ ದಾಟಿ ಮುಂದೆ ಬಂದಳು. "ಟೊಮೇಟೊ ಎಷ್ಟು, ಶಹಾತ ಅವ್ರೇ?"

"ನಿಮಗೆ ಹನ್ನೆರಡೇ ಮೇಡಂ."

"ನನ್ನ ಕಿವಿ ಮೇಲೆ ಹೂ ಇಡ್ತಿದೀರಾ? ಈಗ ತಾನೇ ಮೂವತ್ತು ಅಂದ್ರಲ್ಲ!"

ಐವತ್ತು ದಾಟಿದ, ಒಂಟಿಯಾಗಿ ಬದುಕುವ ಮೀಸೆಯ ಗಂಡಸು ಬೈಸಿಕೊಂಡ ಹುಡುಗನಂತೆ ತಲೆ ತಗ್ಗಿಸಿದ. "ಅದು ಊರಿಗೆ."

"ನಾನು ಕೇಳೋಕೆ ಬರೋದೂ ಊರಿನ ಬೆಲೇನೇ ಕಣ್ರೀ! ನಾನೇನು ನಿಮ್ಮ ಹತ್ರ ಒಂದು ಟೊಮೇಟೊ ಆದ್ರೂ ಕೊಂಡಿದೀನಾ?"

"ಒಂದಿನ ಕೊಳ್ತೀರೇನೋ ಅಂತ..."

"ಕೊಳ್ಳೋ ಹಾಗಿಲ್ಲ. ಬೆಲೆ ಕೇಳೋ ಅಂಗಡೀಲಿ ಏನೂ ಮುಟ್ಟಬಾರದು ಅಂತ ನಿಯಮ ಇದೆ."

ಶಹಾತ ತಕ್ಕಡಿಯನ್ನು ಸುಮ್ಮನೆ ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಮತ್ತೆ, ನಿಮ್ಮ ಪಟ್ಟಿಯಿಂದ ಈ ಅಂಗಡಿ ಬಿಡಿಸ್ಕೊಳ್ಳೋಕೆ ಏನ್ ಮಾಡ್ಬೇಕು?"

"ಅಂಗಡಿ ಮುಚ್ಚಬೇಕು. ಇಲ್ಲ, ಅಂಗಡಿಯವ್ರು ನನ್ನ ಸಂಬಂಧಿಕರಾಗಿರಬೇಕು."

"ನಾನಂತೂ ಅಂಗಡಿ ಮುಚ್ಚಲ್ಲ," ಎಂದ ಶಹಾತ.

ಹೇಳಿದ ಮಾತು ಅವನಿಗೇ ದೊಡ್ಡದೆನಿಸಿತೇನೋ, ಕಿವಿಯವರೆಗೂ ಕೆಂಪಾದ. ವಿದಾದ್‌ಗೆ ಸಿಟ್ಟು ಬರಬೇಕಿತ್ತು. ಇಷ್ಟು ವಾರ ತನ್ನ ಕೆಲಸಕ್ಕೇ ಸಂಚಕಾರ ತಂದವನು! ಆದರೆ ಅವಳಿಗೆ ನಗು ಉಕ್ಕಿ ಬಂತು. ಅದನ್ನು ನುಂಗಿಕೊಂಡು ಮೂವತ್ತು ಎಂದು ಬರೆದು ಹೊರಟುಬಿಟ್ಟಳು.

ಕಚೇರಿಯಲ್ಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಸಿದಳು. ಸಾಫಿನಾಜ್ ತಲೆ ಚಚ್ಚಿಕೊಂಡಳು, ಬೈದಳು, ಚಹಾ ತರಿಸಿ ಕುಡಿಸಿ ಮತ್ತೆ ಬೈದಳು. ಕೊನೆಗೆ, "ಹಳೇದನ್ನೆಲ್ಲ ಇವತ್ತೇ ತಿದ್ದಿಸ್ತೀನಿ. ಇನ್ನು ಅಲ್ಲಿಗೆ ಬೇಡ, ಎದುರಂಗಡೀಲಿ ಕೇಳು. ಬದಲಾವಣೆಗೆ ಕಾರಣ ಏನಂತ ಬರೀಲಿ?" ಎಂದಳು.

"ಅಂಗಡಿಯವ್ರು ನನ್ನ ಸಂಬಂಧಿಕರು ಅಂತ ಬರೀರಿ."

"ಯಾವಾಗಿಂದ್ಲೇ?"

"ಬರೋ ಗುರುವಾರದಿಂದ," ಎಂದಳು ವಿದಾದ್. ಊರಲ್ಲಿ ಮದುವೆಗಳೆಲ್ಲ ಆಗುವುದು ಗುರುವಾರವೇ. "ಅವ್ರಿಗೆ ಇನ್ನೂ ಹೇಳ್ಬೇಕು."

ಸಂಜೆ ಬೀದಿಯ ದೀಪ ಹೊತ್ತುವ ಹೊತ್ತಿಗೆ ಅವಳು ಮನೆಯ ತರಕಾರಿ ಚೀಲ ಹಿಡಿದು ಬಂದಳು. ಬೆಳಗಿನಿಂದ ಸಿಕ್ಕವರಿಗೆಲ್ಲ ಲೆಕ್ಕ ತಪ್ಪಿ ಚಿಲ್ಲರೆ ಕೊಡುತ್ತಿದ್ದ ಶಹಾತ ಗಡಬಡಿಸಿ ಎದ್ದು ನಿಂತ.

"ಬೆಲೆ ಕೇಳಲ್ವಾ?"

"ಇನ್ಮೇಲೆ ಅದನ್ನ ಎದುರಂಗಡೀಲಿ ಕೇಳ್ತೀನಿ."

ವಿದಾದ್ ಅಂಗಿಯ ತೋಳು ಮೇಲಕ್ಕೆ ಮಡಚಿ ಟೊಮೇಟೊ ರಾಶಿಗೆ ಕೈಯಿಟ್ಟಳು. ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಬದಿಗಿಟ್ಟು, ಗಟ್ಟಿಯಾದದ್ದನ್ನು ತಕ್ಕಡಿಗೆ ಹಾಕತೊಡಗಿದಳು. ತಟ್ಟೆ ತುಂಬಿತು. ಶಹಾತ ಎದುರು ತಟ್ಟೆಗೆ ತೂಕದ ಕಲ್ಲು ಹಾಕುವುದನ್ನೇ ಮರೆತು ನೋಡುತ್ತಾ ನಿಂತಿದ್ದ.