ಐದು ಗಂಟೆಯ ಮದುವೆ

ಕ್ರಿಸ್ಮಸ್ಸಿಗೆ ಹತ್ತು ದಿನ ಉಳಿದಿತ್ತು. ಬೆಳಿಗ್ಗೆ ಒಲೆಯ ಮುಂದೆ ಕುಳಿತು ಹಬ್ಬದ ನೆವ್ರಿ ಕರಿಯುತ್ತಿದ್ದೆ. ದೊಡ್ಡ ಮಗಳು ಗ್ಲ್ಯಾಡಿಸ್ ಎಳ್ಳಿನ ಹೂರಣ ತುಂಬಿ ಅಂಚು ಮಡಚಿ ಕೊಡುತ್ತಿದ್ದಳು. ಎಣ್ಣೆಯ ವಾಸನೆ ಏಳುತ್ತಲೇ ಕೈಯಲ್ಲಿದ್ದುದನ್ನು ಬಿಟ್ಟು ಹಿತ್ತಿಲಿಗೆ ಓಡಿದಳು. ಆ ವಾರದಲ್ಲಿ ಅದು ಮೂರನೆಯ ಸಲ. ಮಕ್ಕಳನ್ನು ಹೆತ್ತವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬಾಣಲೆ ಇಳಿಸಿ ಹೋಗಿ ಅವಳ ಬೆನ್ನು ನೀವಿದೆ.

"ಎಷ್ಟು ತಿಂಗಳು?" ಎಂದೆ.

"ಮೂರು. ಫೌಸ್ಟಿನ್‌ಗೆ ಗೊತ್ತುಂಟು, ಅಮ್ಮ. ಇವತ್ತು ಸಂಜೆ ಬರ್ತಾರೆ."

ಫೌಸ್ಟಿನ್ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಹುಡುಗ. ಇಬ್ಬರೂ ನಮ್ಮ ಇಗರ್ಜಿಯಲ್ಲಿ ಒಟ್ಟಿಗೆ ಹಾಡುವವರು. ಮದುವೆಗೆ ಎರಡೂ ಮನೆಯ ಒಪ್ಪಿಗೆ ಇತ್ತು. ಕೆಲಸ ಖಾಯಂ ಆಗಲಿ ಎಂದು ಕಾಯಿಸಿದವರು ನಾವೇ. ಸಂಜೆ ಅವನು ಬಂದು ನಿಂತುಕೊಂಡೇ ಎಲ್ಲ ಹೇಳಿದ. ನನ್ನ ಯಜಮಾನರು ಜೋಕಿಮ್ ಎದ್ದು ಅವನಿಗೆ ಕುರ್ಚಿ ಎಳೆದು ಕೊಟ್ಟರು.

ಅಡ್ಡ ಬಂದವರು ನನ್ನ ಅತ್ತೆ ಅಪೊಲೋನಿಯಾ. ಮದುವೆಗಲ್ಲ, ಅದು ಎಲ್ಲರಂತೆ ಹಗಲಲ್ಲೇ ಆಗಲಿ ಎಂದ ನನ್ನ ಮಾತಿಗೆ. ಹೀಗೆ ಬಸಿರಾದ ಹುಡುಗಿಯ ಮದುವೆ ನಮ್ಮ ಊರಿನಲ್ಲಿ ಬೆಳಗಿನ ಐದು ಗಂಟೆಗೆ, ಬದಿಯ ಬಾಗಿಲಿನಿಂದ. ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹಾಡಿ ಹರಸುವ ರೋಸ್ ಶಾಸ್ತ್ರ ಅವಳಿಗಿಲ್ಲ. ತಲೆಗೆ ಹೂವಿಲ್ಲ, ಬಿಳಿ ಮುಸುಕಿನ ಬದಲು ಕಪ್ಪು ಶಾಲು. ಹುಡುಗನಿಗೆ ಮಾತ್ರ ಹೊಸ ಕೋಟು ಹಾಕಲು ಯಾರ ಅಡ್ಡಿಯೂ ಇಲ್ಲ.

"ನನ್ನ ಮಗಳಿಗೆ ಇಲ್ಲದ್ದು ನಿನ್ನ ಮಗಳಿಗೆ ಯಾಕೆ, ಬರ್ಥಾ?" ಎಂದರು ಅತ್ತೆ. "ಮ್ಯಾಗ್ಡಲಿನ್ ಐದು ಗಂಟೆಗೇ ಹೋದಳು. ಸತ್ತಳಾ?"

"ಸಾಯಲಿಲ್ಲ, ಮಾಯ್. ಅಜೆಕಾರಿನಿಂದ ಇಲ್ಲಿಗೆ ಬಸ್ಸು ಉಂಟು. ಹದಿನಾರು ವರ್ಷದಲ್ಲಿ ಒಂದು ಸಲ ಬಂದಳಾ? ಅವಳ ಮಗನ ಮುಖ ನೀವು ನೋಡಿದ್ದೀರಾ?"

ಅವರು ಜಪಮಾಲೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತರು.

ಮಕ್ಕಳು ಅವಸರ ಮಾಡಿದ್ದು ಸರಿ ಎಂದು ನಾನು ಬರೆಯುತ್ತಿಲ್ಲ. ಅದನ್ನು ಇಬ್ಬರಿಗೂ ಹೇಳಿದ್ದೇನೆ. ಆದರೆ ಪಾಪನಿವೇದನೆಯಲ್ಲಿ ದೇವರು ಕ್ಷಮಿಸಿದ್ದನ್ನು ಊರು ಕ್ಷಮಿಸುವುದಿಲ್ಲವೆಂದರೆ, ಊರು ಯಾರಿಗಿಂತ ದೊಡ್ಡದು? ಮರುದಿನ ಪಾದ್ರಿಗಳನ್ನು ಕಂಡು ಇದನ್ನೇ ಕೇಳಿದೆ. ಕ್ರಿಸ್ಮಸ್ಸಿನವರೆಗೆ ಮದುವೆ ಇಲ್ಲವೆಂಬುದು ಇಗರ್ಜಿಯ ನಿಯಮ, ಐದು ಗಂಟೆಯದ್ದು ನಿಮ್ಮ ಹಿರಿಯರದ್ದು ಎಂದರು. ಜನ ಮಾತಾಡಿಯಾರು ಎಂದು ಎಚ್ಚರಿಸಿದರು. ಮಾತಾಡಲಿ, ಊಟಕ್ಕೂ ಬರಲಿ ಎಂದೆ. ಅವರು ನಕ್ಕು, ಇಪ್ಪತ್ತೊಂಬತ್ತರ ಸೋಮವಾರ ಹತ್ತು ಗಂಟೆಗೆ ಎಂದು ಬರೆದುಕೊಂಡರು.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಹಬ್ಬದ ಮುನ್ನಾದಿನ ಮಧ್ಯಾಹ್ನ ಗಂಜಿಯ ಬಟ್ಟಲು ಸರಿಸಿ ಜೋಕಿಮ್‌ರನ್ನು ಕರೆದರು.

"ನಾಳೆ ಪೂಜೆ ಮುಗಿದ ಮೇಲೆ ಅಜೆಕಾರಿಗೆ ಹೋಗು ಮಾರಾಯ. ನಾನು ಕರೆದೆ ಅಂತ ಹೇಳು. ಅವಳು ಬರದಿದ್ದರೆ ನಾನೇ ಬರ್ತೇನೆ ಅಂತ ಹೇಳು."

ಮ್ಯಾಗ್ಡಲಿನ್ ಬಂದಳು, ತನಗಿಂತ ಎತ್ತರದ ಮಗನನ್ನು ಕರೆದುಕೊಂಡು. ರೋಸ್ ಶಾಸ್ತ್ರದ ದಿನ ಅತ್ತೆ ತೆಂಗಿನ ಹಾಲಿನಲ್ಲಿ ಬೆರಳು ಅದ್ದಿ ಮೊದಲು ಹಚ್ಚಿದ್ದು ಮಗಳ ಹಣೆಗೆ, ಅನಂತರ ಗ್ಲ್ಯಾಡಿಸಳಿಗೆ. ಹಾಡುತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಫೌಸ್ಟಿನ್‌ನ ಅಕ್ಕಂದಿರು ಉಳಿದ ಹಾಲನ್ನು ಗ್ಲ್ಯಾಡಿಸಳ ತಲೆಯ ಮೇಲೆ ಸುರಿದು ಗೇಲಿ ಮಾಡಿದರು. ಅವಳು ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ನಕ್ಕಳು.

ಬಂದವರಿಗೆಲ್ಲ ವಿಷಯ ಗೊತ್ತಿತ್ತು. ಆದರೂ ಯಾರೂ ಆ ಮಾತು ಎತ್ತಲಿಲ್ಲ. ನನ್ನ ಕಿರಿಯವಳು, ಏಳು ವರ್ಷದ ಜೆಸ್ಸಿ, ಹದಿನೈದು ದಿನಗಳಿಂದ ಏನೋ ಕೇಳಲು ನನ್ನ ಹಿಂದೆ ಸುತ್ತುತ್ತಿದ್ದಳು. ಪ್ರತಿ ಸಲವೂ ನಾನು ಏನಾದರೊಂದು ಕೆಲಸ ಹೇಳಿ ಓಡಿಸುತ್ತಿದ್ದೆ. ಈಗ ಹಾಡು ನಿಂತಾಗ ಅವಳು ನನ್ನ ಮುಖ ನೋಡಿದಳು. ನಾನು ಓಡಿಸಲಿಲ್ಲ. ಅಕ್ಕನ ಒದ್ದೆ ಮಡಿಲಿಗೆ ಒರಗಿ, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೇಳಿದಳು:

"ಅಕ್ಕಾ, ನಮ್ಮ ಪಾಪು ಬರುವುದು ಯಾವಾಗ?"